ರೆಗೇ: ಅರ್ಥವೇನು, ಹುಟ್ಟಿದ್ದೆಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ರೆಗೇ ಎಂದರೆ ಏನು? ಚಿಕ್ಕದಾಗಿ ಹೇಳಬಹುದೇ?

ಹೇಳಬಹುದು. 1968ರ ಸುಮಾರಿಗೆ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರ ಕೇರಿಗಳಲ್ಲಿ ರೂಪ ತಳೆದ ಕುಣಿತದ ಸಂಗೀತವೇ ರೆಗೇ. ಗೋಕರ್ಣದ ಅಂಗಡಿಗಳಲ್ಲಿ ತೂಗುಹಾಕಿದ ಹಸಿರು, ಹಳದಿ, ಕೆಂಪು ಬಣ್ಣದ ಟೀ ಶರ್ಟುಗಳ ಮೂಲಕ ಅದರ ಪರಿಚಯವಾದವರಿಗೆ ಈ ಉತ್ತರ ರುಚಿಸುವುದಿಲ್ಲ. ಅವರ ಪಾಲಿಗೆ ಅದು ಕಡಲತೀರದ, ರಜೆಯ, ಹೊಗೆಯ ಸಂಗೀತ. ಆದರೆ ಟ್ರೆಂಚ್‌ಟೌನಿನಂತಹ ಕೇರಿಗಳಲ್ಲಿ ಇದ್ದದ್ದು ಹಲವು ಸಂಸಾರಗಳು ಒಂದೇ ನಲ್ಲಿ, ಒಂದೇ ಅಡುಗೆಮನೆ ಹಂಚಿಕೊಳ್ಳುವ ವಠಾರಗಳು ಮತ್ತು ಕೆಲಸ ಹುಡುಕಿಕೊಂಡು ಹಳ್ಳಿಯಿಂದ ಬಂದ ಹುಡುಗರು. ಪ್ರವಾಸಿಗರ ಹೋಟೆಲುಗಳು ದ್ವೀಪದ ಇನ್ನೊಂದು ಮಗ್ಗುಲಿನಲ್ಲಿದ್ದವು, ಅಲ್ಲಿ ಬೇರೆಯೇ ಸಂಗೀತ ನಡೆಯುತ್ತಿತ್ತು.

ಆ ಹೆಸರು ಎಲ್ಲಿಂದ ಬಂತು?

ಹಾಡಿನ ಶೀರ್ಷಿಕೆಯಲ್ಲಿ ಈ ಪದವನ್ನು ಮೊದಲು ಮುದ್ರಿಸಿದ್ದು ಟೂಟ್ಸ್ ಅಂಡ್ ದ ಮೇಟಲ್ಸ್ ತಂಡ, 1968ರ 'ಡು ದ ರೆಗೇ' ಹಾಡಿನಲ್ಲಿ. ಮೂಲದ ಬಗ್ಗೆ ಮಾತ್ರ ಒಮ್ಮತವಿಲ್ಲ. ಜಮೈಕಾದ ಆಡುಮಾತಿನಲ್ಲಿ 'ರೆಗೆ-ರೆಗೆ' ಎಂದರೆ ಚಿಂದಿ ಬಟ್ಟೆ, ಜಗಳ ಎಂಬ ಅರ್ಥಗಳಿವೆ. ನಡತೆಗೆಟ್ಟವಳು ಎಂಬರ್ಥದ 'ಸ್ಟ್ರೆಗೇ' ಎಂಬ ಬೈಗುಳದಿಂದ ಬಂತು ಎನ್ನುವವರೂ ಇದ್ದಾರೆ. ಟೂಟ್ಸ್ ಹಿಬ್ಬರ್ಟ್ ಅದನ್ನು ದಿನನಿತ್ಯದ ಸಾಮಾನ್ಯ ಜನರ ಸಂಗೀತ ಎಂದು ವಿವರಿಸುತ್ತಿದ್ದರು. ಲ್ಯಾಟಿನ್ ಭಾಷೆಯ 'ರಾಜ' ಎಂಬ ಪದಕ್ಕೆ ಗಂಟು ಹಾಕುವ ವಿವರಣೆಯೂ ಚಲಾವಣೆಯಲ್ಲಿದೆ. ಅದು ಭಕ್ತಿಯಿಂದ ಹುಟ್ಟಿದ ವ್ಯುತ್ಪತ್ತಿ, ಇತಿಹಾಸದಿಂದಲ್ಲ. ಚಿಂದಿಯ ಕಡೆಗೇ ನನ್ನ ಒಲವು.

ರೆಗೇಗೆ ಮುಂಚೆ ಜಮೈಕಾದವರು ಏನು ಕೇಳುತ್ತಿದ್ದರು?

ಹಳ್ಳಿಗಾಡಿನಲ್ಲಿ ಮೆಂಟೋ ಇತ್ತು. ಬ್ಯಾಂಜೊ, ಗಿಟಾರ್, ಮೇಲೆ ಕುಳಿತು ನುಡಿಸುವ 'ರುಂಬಾ ಬಾಕ್ಸ್' ಎಂಬ ಮರದ ಪೆಟ್ಟಿಗೆ, ಜೊತೆಗೆ ಊರ ಸುದ್ದಿ, ಪೋಲಿ ಹಾಸ್ಯ. ಚರ್ಚುಗಳ ಹಾಡುಗಾರಿಕೆ ಇತ್ತು. ಆಫ್ರಿಕಾದಿಂದ ಬಂದವರ ವಂಶಜರು ಉಳಿಸಿಕೊಂಡ ಬುರು, ಕುಮಿನಾ ಚರ್ಮವಾದ್ಯಗಳ ಪರಂಪರೆ ಇತ್ತು. ನಗರದ ಹುಡುಗರಿಗೆ ಮಾತ್ರ ಹುಚ್ಚು ಹಿಡಿಸಿದ್ದು ಅಮೆರಿಕದ ರಿದಮ್ ಅಂಡ್ ಬ್ಲೂಸ್. ಮಯಾಮಿ, ನ್ಯೂ ಆರ್ಲಿಯನ್ಸ್ ಕಡೆಯ ರೇಡಿಯೊ ಕೇಂದ್ರಗಳು ರಾತ್ರಿ ಹೊತ್ತು ಜಮೈಕಾಕ್ಕೂ ಕೇಳಿಸುತ್ತಿದ್ದವು. ಅಮೆರಿಕದ ಹೊಲಗಳಿಗೆ ಕೂಲಿಗೆ ಹೋದವರು ಮರಳುವಾಗ ಗ್ರಾಮಫೋನ್ ತಟ್ಟೆಗಳನ್ನು ತರುತ್ತಿದ್ದರು.

ಸೌಂಡ್ ಸಿಸ್ಟಮ್ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದೇಕೆ ಅಷ್ಟು ಮುಖ್ಯ?

ಅದಿಲ್ಲದೆ ರೆಗೇಯೇ ಇಲ್ಲ, ಅದಕ್ಕೆ. ರೆಗೇಯ ಚರಿತ್ರೆಯನ್ನು ಗಾಯಕರಿಂದ ಆರಂಭಿಸುವ ಬರಹಗಳು ನನಗೆ ಅರ್ಧ ಮಾತ್ರ ಒಪ್ಪಿಗೆ. ಆರಂಭಿಸಬೇಕಾದದ್ದು ಧ್ವನಿವರ್ಧಕದಿಂದ.

1940ರ ದಶಕದ ಕೊನೆಯ ಹೊತ್ತಿಗೆ ಕಿಂಗ್‌ಸ್ಟನ್ನಿನಲ್ಲಿ ವಾದ್ಯತಂಡ ಕರೆಸಿ ಕುಣಿತ ಏರ್ಪಡಿಸುವುದು ದುಬಾರಿಯಾಗಿತ್ತು. ರೇಡಿಯೊ ಕೊಳ್ಳಲಾಗದವರೇ ಹೆಚ್ಚು. ಆಗ ಕೆಲವು ವ್ಯಾಪಾರಿಗಳು ಒಂದು ರೆಕಾರ್ಡ್ ಪ್ಲೇಯರ್, ಒಂದು ದೊಡ್ಡ ಆಂಪ್ಲಿಫೈಯರ್ ಮತ್ತು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿಕೊಂಡು ಬಯಲಿನಲ್ಲಿ ಕುಣಿತ ನಡೆಸತೊಡಗಿದರು. ಒಳಗೆ ಬರಲು ಸಣ್ಣ ಟಿಕೆಟ್ಟು. ಅಸಲಿ ಲಾಭ ಬಿಯರ್ ಮತ್ತು ರಮ್ ಮಾರಾಟದಲ್ಲಿ. ಯಾರ ಪೆಟ್ಟಿಗೆಯ ಮಂದ್ರ ಸದ್ದು ಹೆಚ್ಚು ಎದೆ ನಡುಗಿಸುತ್ತದೋ ಜನ ಅತ್ತ ವಾಲುತ್ತಿದ್ದರು.

ಈ ಪೈಪೋಟಿಯಲ್ಲಿ ಇಬ್ಬರು ಮುಂಚೂಣಿಯಲ್ಲಿದ್ದರು. ಒಬ್ಬರು ಆರ್ಥರ್ 'ಡ್ಯೂಕ್' ರೀಡ್, ಮಾಜಿ ಪೊಲೀಸ್, ಮದ್ಯದಂಗಡಿಯ ಮಾಲೀಕ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಕುಣಿತಕ್ಕೆ ಬರುತ್ತಿದ್ದ ಮನುಷ್ಯ. ಇನ್ನೊಬ್ಬರು ಕ್ಲೆಮೆಂಟ್ 'ಕಾಕ್ಸನ್' ಡಾಡ್. ಶಾಲೆಯಲ್ಲಿ ಚೆನ್ನಾಗಿ ಕ್ರಿಕೆಟ್ ಆಡುತ್ತಿದ್ದುದರಿಂದ ಯಾರ್ಕ್‌ಷೈರ್ ತಂಡದ ಅಲೆಕ್ ಕಾಕ್ಸನ್ ಹೆಸರೇ ಅವರಿಗೆ ಅಡ್ಡಹೆಸರಾಗಿ ಅಂಟಿಕೊಂಡಿತ್ತು. ಇಬ್ಬರೂ ಅಮೆರಿಕದಿಂದ ಅಪರೂಪದ ತಟ್ಟೆಗಳನ್ನು ತರಿಸಿ, ಎದುರಾಳಿಗೆ ಹಾಡಿನ ಹೆಸರು ಗೊತ್ತಾಗದಂತೆ ಮೇಲಿನ ಲೇಬಲ್ ಕೆರೆದು ಹಾಕುತ್ತಿದ್ದರು. ಡಾಡ್ ಬಳಿ ಇದ್ದ ಒಂದು ಸ್ಯಾಕ್ಸೊಫೋನ್ ಹಾಡು 'ಕಾಕ್ಸನ್ ಹಾಪ್' ಎಂದೇ ಪ್ರಸಿದ್ಧವಾಗಿ, ಅವರ ಕುಣಿತಗಳ ಗುರುತಾಗಿತ್ತು. ಅದು ವಿಲ್ಲಿಸ್ ಜ್ಯಾಕ್ಸನ್ ಎಂಬ ಅಮೆರಿಕನ್ನನ ರೆಕಾರ್ಡು. ಡ್ಯೂಕ್ ರೀಡ್ ಹೇಗೋ ಪತ್ತೆ ಹಚ್ಚಿ ಒಂದು ರಾತ್ರಿ ತನ್ನ ಪೆಟ್ಟಿಗೆಗಳಿಂದ ಅದನ್ನು ಮೊಳಗಿಸಿದಾಗ, ಅಲ್ಲೇ ಇದ್ದ ಡಾಡ್‌ಗೆ ಬವಳಿ ಬಂದಂತಾಯಿತು ಎಂದು ಅಂದಿನವರು ಹೇಳಿಕೊಂಡು ನಗುತ್ತಿದ್ದರು.

1950ರ ದಶಕ ಮುಗಿಯುತ್ತ ಬಂದಂತೆ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆ ಹೊರಳಿತು. ಕಿಂಗ್‌ಸ್ಟನ್ನಿನ ಕುಣಿತಗಾರರಿಗೆ ಬೇಕಾದ ಹಳೆಯ ಬಗೆಯ ಹಾಡುಗಳ ಸರಬರಾಜು ನಿಂತಿತು. ಹಾಗಾದರೆ ನಾವೇ ಮಾಡೋಣ ಎಂದು ಈ ಇಬ್ಬರೂ ಸ್ಥಳೀಯ ವಾದಕರನ್ನು ಕೂಡಿಹಾಕಿ ಧ್ವನಿಮುದ್ರಣಕ್ಕೆ ಇಳಿದರು. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ 'ಸ್ಟುಡಿಯೊ ಒನ್' ತೆರೆದರು. ರೀಡ್ ತಮ್ಮ 'ಟ್ರೆಷರ್ ಐಲ್' ಮದ್ಯದಂಗಡಿಯ ಮೇಲಂತಸ್ತಿನಲ್ಲೇ ಸ್ಟುಡಿಯೊ ಕಟ್ಟಿದರು. ಐಸ್‌ಕ್ರೀಮ್ ಅಂಗಡಿಯ ಒಡೆಯರಾಗಿದ್ದ ಚೀನೀ ಮೂಲದ ಲೆಸ್ಲಿ ಕಾಂಗ್ ಕೂಡ ಈ ಕಸುಬಿಗೆ ಕೈಹಾಕಿ, ಆಗಿನ್ನೂ ಹುಡುಗರಾಗಿದ್ದ ಜಿಮ್ಮಿ ಕ್ಲಿಫ್ ಮತ್ತು ಬಾಬ್ ಮಾರ್ಲಿಯವರ ಮೊದಮೊದಲ ಹಾಡುಗಳನ್ನು ಹೊರತಂದರು. ಹಾಡು ಗೆದ್ದಿತೋ ಸೋತಿತೋ ಎಂಬುದು ಅದೇ ಶನಿವಾರ ರಾತ್ರಿ ಬಯಲಿನಲ್ಲಿ ತೀರ್ಮಾನವಾಗುತ್ತಿತ್ತು. ರೆಗೇಯಲ್ಲಿ ಬೇಸ್ ಗಿಟಾರಿಗೆ ಅಷ್ಟು ಪ್ರಾಧಾನ್ಯ ಏಕೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ.

ಸ್ಕಾ, ರಾಕ್‌ಸ್ಟೆಡಿ, ರೆಗೇ: ಇವು ಬೇರೆ ಬೇರೆಯೇ?

ಒಂದೇ ಊರಿನ, ಬಹುಮಟ್ಟಿಗೆ ಅದೇ ವಾದಕರ, ಹತ್ತೇ ವರ್ಷಗಳೊಳಗಿನ ಮೂರು ಘಟ್ಟಗಳು. ಸ್ಕಾ ಮೊದಲನೆಯದು, ವೇಗದ್ದು, ತುತ್ತೂರಿ, ಟ್ರೊಂಬೋನುಗಳ ಅಬ್ಬರದ್ದು. ಜಮೈಕಾ 1962ರ ಆಗಸ್ಟ್ 6ರಂದು ಬ್ರಿಟಿಷರಿಂದ ಬಿಡುಗಡೆ ಪಡೆದ ಹುರುಪಿನ ಕಾಲದ ಸದ್ದು ಅದು. 1964ರಲ್ಲಿ ಸೇರಿದ ಸ್ಕಟಲೈಟ್ಸ್ ತಂಡ ಅದರ ಶಿಖರ. ಆ ತಂಡದ ಟ್ರೊಂಬೋನ್ ವಾದಕ ಡಾನ್ ಡ್ರಮಂಡ್ ಸೇರಿದಂತೆ ಹಲವರು ಕಲಿತದ್ದು ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ, ಕ್ರೈಸ್ತ ಸನ್ಯಾಸಿನಿಯರು ಬಡ ಹುಡುಗರಿಗಾಗಿ ನಡೆಸುತ್ತಿದ್ದ ವಸತಿ ಶಾಲೆಯಲ್ಲಿ.

1966ರ ಹೊತ್ತಿಗೆ ವೇಗ ಇಳಿಯಿತು, ತುತ್ತೂರಿಗಳು ಹಿಂದೆ ಸರಿದವು, ಬೇಸ್ ಮುಂದೆ ಬಂತು, ಪ್ರೇಮಗೀತೆಗಳು ಹೆಚ್ಚಿದವು. ಇದು ರಾಕ್‌ಸ್ಟೆಡಿ. ಆ ಬೇಸಿಗೆಯ ಸೆಕೆಗೆ ಕುಣಿಯುವವರು ಸುಸ್ತಾದರು ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ. ಜಮೈಕಾದಲ್ಲಿ ಯಾವ ಬೇಸಿಗೆ ತಂಪಾಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಸ್ವಾತಂತ್ರ್ಯದ ಹುರುಪು ಇಳಿದು, ಕೇರಿಗಳಲ್ಲಿ 'ರೂಡ್ ಬಾಯ್' ಎಂಬ ಪುಂಡ ಯುವಕರ ಗುಂಪುಗಳು ಬೆಳೆದಿದ್ದ ಕಾಲ ಅದು ಎಂಬುದನ್ನೂ ಸೇರಿಸಿಕೊಳ್ಳಬೇಕು. ಎರಡೇ ವರ್ಷಗಳಲ್ಲಿ ಆರ್ಗನ್ನಿನ ಗುಳುಗುಳು ನಾದ ಮತ್ತು ಗಿಟಾರಿನ ಹೊಸ ಕುಟುಕು ಸೇರಿ ರೆಗೇ ಆಯಿತು. ಲ್ಯಾರಿ ಮಾರ್ಷಲ್ ಮತ್ತು ಆಲ್ವಿನ್ ಜೋಡಿಯ 'ನ್ಯಾನಿ ಗೋಟ್', ಲೀ 'ಸ್ಕ್ರ್ಯಾಚ್' ಪೆರ್ರಿಯ 'ಪೀಪಲ್ ಫನಿ ಬಾಯ್' ಎರಡೂ 1968ರವು. ಮೊದಲ ರೆಗೇ ಹಾಡು ಯಾವುದು ಎಂಬ ವಾದ ಇನ್ನೂ ಬಗೆಹರಿದಿಲ್ಲ, ಬಗೆಹರಿಯಬೇಕಾದ ತುರ್ತೂ ಇಲ್ಲ.

ಕೇಳಿದ ಕೂಡಲೇ ರೆಗೇಯನ್ನು ಗುರುತಿಸುವುದು ಹೇಗೆ?

ನಾಲ್ಕು ಎಣಿಕೆ ಹಾಕಿ: ಒಂದು, ಎರಡು, ಮೂರು, ನಾಲ್ಕು. ಗಿಟಾರ್ ಅಥವಾ ಪಿಯಾನೊ ಎರಡು ಮತ್ತು ನಾಲ್ಕರ ಮೇಲೆ ಮಾತ್ರ 'ಚಕ್' ಎಂದು ತುಂಡಾಗಿ ಬೀಳುತ್ತದೆ. ಇದಕ್ಕೆ ಸ್ಕ್ಯಾಂಕ್ ಎನ್ನುತ್ತಾರೆ. ಡ್ರಮ್ಸಿನ ದೊಡ್ಡ ಪೆಟ್ಟು ಬೀಳುವುದು ಮೂರರ ಮೇಲೆ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿರುವ ಒಂದನೆಯ ಎಣಿಕೆ ಇಲ್ಲಿ ಖಾಲಿ. ಒಂದನ್ನು ಬೀಳಿಸಿಬಿಟ್ಟದ್ದರಿಂದ ಈ ನಡೆಗೆ 'ಒನ್ ಡ್ರಾಪ್' ಎಂದೇ ಹೆಸರು. ಬಾಬ್ ಮಾರ್ಲಿಯ ವೇಯ್ಲರ್ಸ್ ತಂಡದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಇದರ ಸಾಟಿಯಿಲ್ಲದ ಕಲಾವಿದ. ಅವರ ಅಣ್ಣ ಆಸ್ಟನ್ ಬ್ಯಾರೆಟ್ ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದದ್ದು ಬರಿಯ ಆಧಾರಸ್ವರವಲ್ಲ. ಅದನ್ನೇ ಗುನುಗಿಕೊಂಡು ಹೋಗಬಹುದು, ಅಷ್ಟು ಪೂರ್ಣವಾದ ಮಟ್ಟು. ನಡುವೆ ಎಲ್ಲೆಲ್ಲೋ ಬಿಟ್ಟ ಮೌನಗಳೂ ಆ ಮಟ್ಟಿನ ಭಾಗವೇ.

ಅನಾಗತ ಎಡುಪಿನ ಕೃತಿಗಳನ್ನು ಕೇಳಿ ಬೆಳೆದ ಕಿವಿಗೆ ಇದು ತೀರ ಅಪರಿಚಿತವಲ್ಲ: ತಾಳದ ಪೆಟ್ಟು ಬಿದ್ದ ಮೇಲೆ ಸಾಹಿತ್ಯ ಎತ್ತಿಕೊಳ್ಳುವಾಗ ಆಗುವ ಆ ಸಣ್ಣ ತೂಗಾಟ ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ಅಲ್ಲಿ ತಾಳ ಹಾಕುವ ಕೈ ಕಣ್ಣಿಗೆ ಕಾಣುತ್ತದೆ, ಇಲ್ಲಿ ಒಂದನೆಯ ಎಣಿಕೆಯನ್ನು ನೀವೇ ಮೈಯಲ್ಲಿ ಇಟ್ಟುಕೊಳ್ಳಬೇಕು. ನುರಿತ ವಾದಕರೂ ಇಲ್ಲಿ ತಡವರಿಸಿದ್ದಾರೆ. 1970ರ ದಶಕದ ಆರಂಭದಲ್ಲಿ ವೇಯ್ಲರ್ಸ್ ತಂಡದ ಧ್ವನಿಮುದ್ರಣಕ್ಕೆ ಗಿಟಾರ್ ಸೇರಿಸಲು ಲಂಡನ್ನಿನಲ್ಲಿ ಕೂತ ಅಲಬಾಮಾದ ವೇಯ್ನ್ ಪರ್ಕಿನ್ಸ್‌ಗೆ ಲಯದ ತುದಿ ಎಲ್ಲಿ, ಬುಡ ಎಲ್ಲಿ ಎಂಬುದೇ ಮೊದಲು ಹೊಳೆಯಲಿಲ್ಲವಂತೆ. ಆಮೇಲೆ ಅವರು ಅದರಲ್ಲಿ ನುಡಿಸಿದ ಗಿಟಾರ್ ಇವತ್ತಿಗೂ ಜನ ಮೆಚ್ಚುವಂಥದ್ದು.

ರಾಸ್ತಫಾರಿ ಎಂದರೇನು? ಅದಕ್ಕೂ ರೆಗೇಗೂ ಏನು ನಂಟು?

ರಾಸ್ತಫಾರಿ ಒಂದು ಧಾರ್ಮಿಕ ಚಳವಳಿ. 1930ರ ನವೆಂಬರ್ 2ರಂದು ಇಥಿಯೋಪಿಯಾದಲ್ಲಿ ರಾಸ್ ತಫಾರಿ ಎಂಬ ರಾಜಕುಮಾರ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾಗಿ ಪಟ್ಟಕ್ಕೇರಿದ. ವಸಾಹತುಗಳೇ ತುಂಬಿದ್ದ ಆಫ್ರಿಕಾದಲ್ಲಿ ಕಪ್ಪು ಜನರದ್ದೇ ಆದ ಸ್ವತಂತ್ರ ಸಿಂಹಾಸನ. ಜಮೈಕಾದ ಮಾರ್ಕಸ್ ಗಾರ್ವಿ ಎಂಬ ನಾಯಕನ ಮಾತುಗಳಿಂದ ಆಫ್ರಿಕಾದ ಕಡೆ ಮುಖ ಮಾಡಿದ್ದ ಬಡವರಲ್ಲಿ ಕೆಲವರು ಇವನೇ ಬೈಬಲ್ ಹೇಳಿದ ದೇವರು ಎಂದು ನಂಬಿದರು. ಚಕ್ರವರ್ತಿಗೆ ಸ್ವತಃ ಆ ನಂಬಿಕೆ ಇರಲಿಲ್ಲ.

ಈ ಮತವನ್ನು ಮೊದಲು ಸಾರಿದವರಲ್ಲಿ ಪ್ರಮುಖ ಲೆನಾರ್ಡ್ ಹೋವೆಲ್. ಇಲ್ಲಿ ನಮ್ಮ ದೇಶದ ಎಳೆಯೊಂದು ಸೇರುತ್ತದೆ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗಾಗಿ ಬ್ರಿಟಿಷರು 1845ರಿಂದ 1917ರವರೆಗೆ ಸುಮಾರು 36,000 ಭಾರತೀಯರನ್ನು ಕರಾರು ಕೂಲಿಗಳಾಗಿ ಜಮೈಕಾಕ್ಕೆ ಸಾಗಿಸಿದ್ದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಹೋವೆಲ್ ತನ್ನ ಪುಸ್ತಕಕ್ಕೆ ಇಟ್ಟುಕೊಂಡ ಕಾವ್ಯನಾಮ ಗಂಗುಂಗುರು ಮರಾಘ್. ಅದರಲ್ಲಿ 'ಗುರು', 'ಮಹಾರಾಜ' ಎಂಬ ಪದಗಳು ಅಡಗಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಗಾಂಜಾ ಎಂಬ ಮಾತು, ಅದನ್ನು ಸೇದುವ ರೂಢಿ ಎರಡೂ ಜಮೈಕಾಕ್ಕೆ ಹೋದದ್ದು ಈ ಕೂಲಿಗಳ ಜೊತೆಗೇ. ರಾಸ್ತಗಳ ಜಡೆಗೂ ನಮ್ಮ ಸಾಧುಗಳ ಜಡೆಗೂ ಸಂಬಂಧವಿದೆ ಎಂಬ ವಾದವೂ ಇದೆ, ಆದರೆ ಕೆನ್ಯಾದ ಮಾವ್ ಮಾವ್ ಹೋರಾಟಗಾರರ ಕಡೆ ಬೆರಳು ತೋರಿಸುವವರೂ ಅಷ್ಟೇ ಜನ.

ಅಧಿಕಾರಸ್ಥರಿಗೆ ರಾಸ್ತಗಳೆಂದರೆ ಆಗುತ್ತಿರಲಿಲ್ಲ. 1963ರಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿನ ಗಲಭೆಯ ನಂತರ ಪೊಲೀಸರು ಊರೂರು ಸುತ್ತಿ ರಾಸ್ತಗಳನ್ನು ಹಿಡಿದು ಬಡಿದರು, ಜಡೆ ಕತ್ತರಿಸಿದರು. ಸರ್ಕಾರ ಇದಕ್ಕೆ ಕ್ಷಮೆ ಕೇಳಿದ್ದು 2017ರಲ್ಲಿ. ಇಂತಹ ಸ್ಥಿತಿಯಲ್ಲಿ 1966ರ ಏಪ್ರಿಲ್ 21ರಂದು ಹೈಲೆ ಸೆಲಾಸಿ ಕಿಂಗ್‌ಸ್ಟನ್ನಿಗೆ ಬಂದಿಳಿದ. ವಿಮಾನ ನಿಲ್ದಾಣದಲ್ಲಿ ಜನ ಕಾವಲು ಮುರಿದು ವಿಮಾನದ ರೆಕ್ಕೆಯ ಕೆಳಗೆ ನುಗ್ಗಿದರು; ಡೋಲುಗಳು ಮೊಳಗಿದವು, ಹೊಗೆ ಎದ್ದಿತು. ಅತಿಥಿ ಹೊರಬರಲು ಹಿಂಜರಿದು ಒಳಗೇ ಉಳಿದಾಗ, ಗಣ್ಯರ ಕೈಯಲ್ಲಿ ಆಗದ ಕೆಲಸವನ್ನು ಮಾಡಿದ್ದು ಮಾರ್ಟಿಮೊ ಪ್ಲ್ಯಾನೊ ಎಂಬ ರಾಸ್ತ ಹಿರಿಯ. ಮೆಟ್ಟಿಲು ಹತ್ತಿ ಹೋಗಿ, ಜನರನ್ನು ಸಮಾಧಾನಪಡಿಸಿ, ಚಕ್ರವರ್ತಿಯನ್ನು ಕೆಳಗಿಳಿಸಿಕೊಂಡು ಬಂದ. ಅಲ್ಲಿಯವರೆಗೆ ಬೀದಿಯ ಹುಚ್ಚರೆನಿಸಿಕೊಂಡಿದ್ದವರಿಗೆ ಅಂದು ದೊರೆತ ಮರ್ಯಾದೆ ಮುಂದಿನ ದಶಕದ ಹಾಡುಗಳಲ್ಲೆಲ್ಲ ಕಾಣುತ್ತದೆ. ಗುಲಾಮಗಿರಿಯ ವ್ಯವಸ್ಥೆಗೆ 'ಬ್ಯಾಬಿಲಾನ್', ತಾಯ್ನೆಲಕ್ಕೆ 'ಜಾಯಾನ್', ದೇವರಿಗೆ 'ಜಾ' ಎಂಬ ಹೆಸರುಗಳು ಹಾಡುಗಳಿಗೆ ಬಂದದ್ದು ಇವರಿಂದ.

ನಾದದ ನಂಟು ಇನ್ನೂ ಹಳೆಯದು. ರಾಸ್ತಗಳ ನ್ಯಬಿಂಗಿ ಎಂಬ ಪ್ರಾರ್ಥನೆಯ ಕೂಟಗಳಲ್ಲಿ ಮೂರು ಬಗೆಯ ಡೋಲುಗಳಿರುತ್ತವೆ: ದೊಡ್ಡ ಬೇಸ್, ಬಿಡದೆ ಎದೆಬಡಿತದ ಲಯ ಹಿಡಿಯುವ ಫುಂಡೆ, ಅವುಗಳ ಮೇಲೆ ಸ್ವಚ್ಛಂದವಾಗಿ ಮಾತಾಡುವ ರಿಪೀಟರ್. ಕೌಂಟ್ ಒಸ್ಸಿ ಎಂಬ ಗುರುವಿನ ತಂಡವನ್ನು ನಿರ್ಮಾಪಕ ಪ್ರಿನ್ಸ್ ಬಸ್ಟರ್ ಸ್ಕಾ ಕಾಲದ ಆರಂಭದಲ್ಲೇ ಸ್ಟುಡಿಯೊಗೆ ಕರೆತಂದು 'ಓ ಕೆರೊಲೀನಾ' ಹಾಡಿನಲ್ಲಿ ನುಡಿಸಿದ್ದ.

ಹಾಗಾದರೆ ರೆಗೇ ಹಾಡುವವರೆಲ್ಲ ರಾಸ್ತಗಳೇ?

ಅಲ್ಲ. ಪ್ರೇಮ, ವಿರಹ, ತಮಾಷೆ, ಬಾಡಿಗೆ ಕಟ್ಟಲಾಗದ ಪಾಡು, ಎದುರಾಳಿ ನಿರ್ಮಾಪಕನಿಗೆ ಬೈಗುಳ, ಎಲ್ಲವೂ ರೆಗೇಯಲ್ಲಿದೆ.

ರೆಗೇಯನ್ನು ಹುಟ್ಟುಹಾಕಿದ್ದು ಬಾಬ್ ಮಾರ್ಲಿ ಅಲ್ಲವೇ?

ಅಲ್ಲ, ಆದರೆ ಜಗತ್ತಿಗೆ ಮುಟ್ಟಿಸಿದವರು ಅವರೇ. 1945ರ ಫೆಬ್ರವರಿ 6ರಂದು ಸೇಂಟ್ ಆನ್ ಪ್ರಾಂತದ ನೈನ್ ಮೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ತಾಯಿಯೊಂದಿಗೆ ಟ್ರೆಂಚ್‌ಟೌನಿಗೆ ಬಂದರು. ಪೀಟರ್ ಟಾಶ್, ಬನ್ನಿ ವೇಯ್ಲರ್ ಜೊತೆ ಕಟ್ಟಿದ ವೇಯ್ಲರ್ಸ್ ತಂಡ ಸ್ಕಾ ಕಾಲದಲ್ಲೇ, ಡಾಡ್ ಅವರ ಸ್ಟುಡಿಯೊದಲ್ಲಿ, ಪುಂಡ ಹುಡುಗರಿಗೆ ಬುದ್ಧಿ ಹೇಳುವ 'ಸಿಮ್ಮರ್ ಡೌನ್' ಹಾಡಿ ಗೆದ್ದಿತ್ತು. 1973ರಲ್ಲಿ ಲಂಡನ್ನಿನ ಐಲ್ಯಾಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ 'ಕ್ಯಾಚ್ ಎ ಫೈರ್' ಆಲ್ಬಮ್ಮಿಗೆ ರಾಕ್ ಕೇಳುವ ಬಿಳಿಯ ಹುಡುಗರಿಗೆ ಹಿಡಿಸುವಂತೆ ಗಿಟಾರ್, ಕೀಬೋರ್ಡ್ ಸೇರಿಸಿ ಬಿಡುಗಡೆ ಮಾಡಿದರು. ಶುದ್ಧವಾದಿಗಳು ಇದಕ್ಕೆ ಇನ್ನೂ ಮುಖ ಸಿಂಡರಿಸುತ್ತಾರೆ.

1976ರ ಡಿಸೆಂಬರ್ 3ರಂದು, ಚುನಾವಣೆಗೆ ಮೊದಲು ನಡೆಯಬೇಕಿದ್ದ ಸಂಗೀತ ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ, ಬಂದೂಕುಧಾರಿಗಳು ಮಾರ್ಲಿ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಗಾಯದ ತೋಳಿನಲ್ಲೇ ಅವರು ಆ ಕಾರ್ಯಕ್ರಮದಲ್ಲಿ ಹಾಡಿದರು. 1978ರ ಏಪ್ರಿಲ್ 22ರ 'ಒನ್ ಲವ್' ಶಾಂತಿ ಕಾರ್ಯಕ್ರಮದಲ್ಲಿ ಬದ್ಧವೈರಿಗಳಾಗಿದ್ದ ಪ್ರಧಾನಿ ಮೈಕಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ ಇಬ್ಬರನ್ನೂ ವೇದಿಕೆಗೆ ಕರೆದು ಅವರ ಕೈಗಳನ್ನು ತಲೆಯ ಮೇಲೆ ಜೋಡಿಸಿ ಹಿಡಿದರು. ಚಿತ್ರ ಪ್ರಸಿದ್ಧವಾಯಿತು, ಕೊಲೆಗಳು ನಿಲ್ಲಲಿಲ್ಲ. ಅದೇ ವೇದಿಕೆಯಲ್ಲಿ ಪೀಟರ್ ಟಾಶ್ ಗಾಂಜಾ ಹೊತ್ತಿಸಿಕೊಂಡು ಮುಖಂಡರಿಬ್ಬರಿಗೂ ಬಿಸಿ ಮುಟ್ಟಿಸಿದ್ದರು. ಕೆಲವು ತಿಂಗಳಲ್ಲಿ ಪೊಲೀಸರ ಕೈಯಲ್ಲಿ ಚೆನ್ನಾಗಿ ಪೆಟ್ಟು ತಿಂದರು. ಮಾರ್ಲಿ ಕ್ಯಾನ್ಸರಿನಿಂದ 1981ರ ಮೇ 11ರಂದು ತೀರಿಕೊಂಡಾಗ ವಯಸ್ಸು 36.

ಡಬ್ ಎಂದರೆ ಏನು?

ಹಾಡಿನಿಂದ ಹಾಡುಗಾರನನ್ನು ತೆಗೆದರೆ ಉಳಿಯುವುದು. 1968ರ ಸುಮಾರಿಗೆ ಡ್ಯೂಕ್ ರೀಡ್ ಸ್ಟುಡಿಯೊದ ಎಂಜಿನಿಯರ್ ಒಂದು ತಟ್ಟೆಗೆ ಗಾಯಕರ ದನಿಯನ್ನು ಸೇರಿಸುವುದನ್ನೇ ಮರೆತ. ಸ್ಪ್ಯಾನಿಷ್ ಟೌನಿನ ಸೌಂಡ್ ಸಿಸ್ಟಮ್ ಒಡೆಯ ರಡ್ಡಿ ರೆಡ್‌ವುಡ್ ಅದನ್ನು ಹಾಗೆಯೇ ಕುಣಿತದಲ್ಲಿ ಹಾಕಿದಾಗ ಜನ ತಾವೇ ಸಾಹಿತ್ಯ ಹಾಡಿಕೊಂಡು ಕುಣಿದರು. ಅಂದಿನಿಂದ ತಟ್ಟೆಯ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ದನಿಯಿಲ್ಲದ 'ವರ್ಷನ್'. ರೇಡಿಯೊ ರಿಪೇರಿಯ ಕಸುಬಿನ ಕಿಂಗ್ ಟಬ್ಬಿ ಇದನ್ನು ಕಲೆಯಾಗಿಸಿದರು. ಪುಟ್ಟ ಸ್ಟುಡಿಯೊದಲ್ಲಿ ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿಸಿ, ಗಾಯಕನ ಒಂದೇ ತುಣುಕನ್ನು ಪ್ರತಿಧ್ವನಿಯಲ್ಲಿ ತೇಲಿಬಿಟ್ಟು, ಮರುಕ್ಷಣ ಎಲ್ಲವನ್ನೂ ಅಳಿಸಿ ಮತ್ತೆ ತರುತ್ತಿದ್ದರು. ಇಂದಿನ ರೀಮಿಕ್ಸ್ ಸಂಸ್ಕೃತಿಯ ಬೇರು ಇಲ್ಲಿದೆ.

ಒಂದೇ ಹಿನ್ನೆಲೆ ಸಂಗೀತದ ಮೇಲೆ ಹತ್ತಾರು ಹಾಡುಗಳು ಹೇಗೆ? ಅದು ಕಳ್ಳತನವಲ್ಲವೇ?

ಬೇಸ್ ಮತ್ತು ಡ್ರಮ್ಸಿನ ಆ ಹಂದರಕ್ಕೆ 'ರಿಡಿಮ್' ಎನ್ನುತ್ತಾರೆ. ಜಮೈಕಾದಲ್ಲಿ ಅದು ಎಲ್ಲರ ಸೊತ್ತು, ಹೆಸರೂ ಇರುತ್ತದೆ. ಸೌಂಡ್ ಸಿಸ್ಟಮ್ಮಿನಲ್ಲಿ ಅದರ ಮೇಲೆ ಪ್ರಾಸಬದ್ಧವಾಗಿ ಮಾತಾಡುವುದು ಟೋಸ್ಟಿಂಗ್. ಯು-ರಾಯ್ 1970ರಲ್ಲಿ ಹಳೆಯ ರಾಕ್‌ಸ್ಟೆಡಿ ಹಾಡುಗಳ ಮೇಲೆ ಹೀಗೆ ಮಾತಾಡಿಯೇ ಜಮೈಕಾದ ಜನಪ್ರಿಯ ಪಟ್ಟಿಯ ತುದಿಗೇರಿದರು. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಹೋದ ಡಿಜೆ ಕೂಲ್ ಹರ್ಕ್ 1973ರ ಆಗಸ್ಟ್‌ನಲ್ಲಿ ಬ್ರಾಂಕ್ಸಿನ ಒಂದು ವಸತಿ ಕಟ್ಟಡದಲ್ಲಿ ನಡೆಸಿದ ಕುಣಿತವನ್ನು ಹಿಪ್-ಹಾಪ್ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಪೆಟ್ಟಿಗೆ, ಮೈಕು, ಮಾತು ಎಲ್ಲವೂ ಕಿಂಗ್‌ಸ್ಟನ್ನಿನ ಪಾಠ. ಗಾಯಕರಿಗೆ, ವಾದಕರಿಗೆ ಸಂಭಾವನೆ ಸರಿಯಾಗಿ ಸೇರಿತೇ ಎಂದು ಕೇಳಿದರೆ, ಬಹಳಷ್ಟು ಸಲ ಇಲ್ಲ. ಕಳ್ಳತನ ನಡೆದದ್ದು ಅಲ್ಲಿ.

ಹೆಣ್ಣುಮಕ್ಕಳು ಕಾಣುವುದೇ ಇಲ್ಲವಲ್ಲ?

ಇದ್ದಾರೆ, ಚರಿತ್ರೆ ಬರೆದವರು ಕಡೆಗಣಿಸಿದ್ದಾರೆ. ಜಮೈಕಾದ ಸಂಗೀತವನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿದ್ದು 1964ರಲ್ಲಿ ಹದಿಹರೆಯದ ಮಿಲ್ಲಿ ಸ್ಮಾಲ್. ಸೋನಿಯಾ ಪಾಟಿಂಜರ್ ಗಂಡಸರೇ ತುಂಬಿದ್ದ ನಿರ್ಮಾಣ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತರು. ಮಾರ್ಸಿಯಾ ಗ್ರಿಫಿತ್ಸ್, ಜೂಡಿ ಮೊವಾಟ್, ರೀಟಾ ಮಾರ್ಲಿ ಮೂವರನ್ನೂ ಮಾರ್ಲಿಯ ಹಿಮ್ಮೇಳ ಎಂದಷ್ಟೇ ಕರೆಯುವುದು ಅನ್ಯಾಯ. ಮೂವರದ್ದೂ ಸ್ವಂತ ಆಲ್ಬಮ್ಮುಗಳಿವೆ. ಸಿಸ್ಟರ್ ನ್ಯಾನ್ಸಿಯ 'ಬ್ಯಾಮ್ ಬ್ಯಾಮ್' 1982ರದು, ಇವತ್ತಿಗೂ ಯಾವುದಾದರೂ ಕುಣಿತದಲ್ಲಿ ಮೊಳಗುತ್ತಲೇ ಇರುತ್ತದೆ. 2020ರಲ್ಲಿ ಕಾಫಿ ಎಂಬ ಹೆಸರಿನ ಯುವತಿ ರೆಗೇ ವಿಭಾಗದ ಗ್ರ್ಯಾಮಿ ಗೆದ್ದ ಮೊದಲ ಒಂಟಿ ಗಾಯಕಿಯಾದಳು.

ಭಾರತದಲ್ಲಿ ರೆಗೇ ಇದೆಯೇ?

ಸ್ವಲ್ಪ ಇದೆ. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಮನೆತನದ ಅಪಾಚೆ ಇಂಡಿಯನ್ 1990ರ ದಶಕದಲ್ಲಿ ಪಂಜಾಬಿ ಮತ್ತು ಜಮೈಕಾದ ಆಡುಮಾತು ಬೆರೆಸಿ ಹಾಡಿ ಇಲ್ಲಿಯೂ ಹೆಸರಾದರು. ದಿಲ್ಲಿಯ ರೆಗೇ ರಾಜಾಸ್ 2009ರಿಂದ ಸೌಂಡ್ ಸಿಸ್ಟಮ್ ಪರಂಪರೆಯನ್ನು ಇಲ್ಲಿ ಬೆಳೆಸುತ್ತಿದ್ದಾರೆ.

ಯುನೆಸ್ಕೋ ಮಾನ್ಯತೆ ಯಾವಾಗ ಸಿಕ್ಕಿತು?

2018ರ ನವೆಂಬರಿನಲ್ಲಿ 'ಜಮೈಕಾದ ರೆಗೇ ಸಂಗೀತ' ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಈ ಹಾಡುಗಳನ್ನು ರೇಡಿಯೊದಲ್ಲಿ ಹಾಕಲೂ ಹಿಂಜರಿಯುತ್ತಿದ್ದ ಜಮೈಕಾದಲ್ಲಿ ಈಗ ಫೆಬ್ರವರಿ ಸರ್ಕಾರದ ಅಧಿಕೃತ ರೆಗೇ ಮಾಸ.

ಹೊಸಬರು ಎಲ್ಲಿಂದ ಕೇಳಲು ಶುರು ಮಾಡಬೇಕು?

ಮಾರ್ಲಿ ಸತ್ತ ಮೇಲೆ ಬಂದ 'ಲೆಜೆಂಡ್' ಸಂಕಲನ ಎಲ್ಲರ ಬಳಿಯೂ ಇರುತ್ತದೆ. ಅದರಲ್ಲಿ ಪ್ರೇಮದ ಹಾಡುಗಳು ಮುಂದೆ, ಸಿಟ್ಟಿನ ಹಾಡುಗಳು ಹಿಂದೆ. ಆದ್ದರಿಂದ ಅಲ್ಲಿಗೇ ನಿಲ್ಲಬೇಡಿ. ಜಿಮ್ಮಿ ಕ್ಲಿಫ್ ನಟಿಸಿದ 1972ರ 'ದ ಹಾರ್ಡರ್ ದೇ ಕಮ್' ಚಿತ್ರದ ಹಾಡುಗಳ ತಟ್ಟೆಯಿಂದ ಆರಂಭಿಸಿದರೆ ಹಲವು ಗಾಯಕರ ಪರಿಚಯ ಒಟ್ಟಿಗೇ ಆಗುತ್ತದೆ. ಆಮೇಲೆ ಬರ್ನಿಂಗ್ ಸ್ಪಿಯರ್ 1975ರಲ್ಲಿ ಗಾರ್ವಿಯ ಹೆಸರಿನಲ್ಲೇ ತಂದ 'ಮಾರ್ಕಸ್ ಗಾರ್ವಿ'. ಡಬ್ ಬೇಕೆನಿಸಿದರೆ ಅಗಸ್ಟಸ್ ಪ್ಯಾಬ್ಲೊ ಮತ್ತು ಕಿಂಗ್ ಟಬ್ಬಿ ಸೇರಿ ಮಾಡಿದ್ದನ್ನು ಹುಡುಕಿ. ಮೆಲೋಡಿಕಾ ಎಂಬ ಊದುವ ಆಟಿಕೆಯಂಥ ವಾದ್ಯದಿಂದ ಎಂಥ ನಾದ ಹೊರಡಿಸಬಹುದೆಂದು ಗೊತ್ತಾಗುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅದರಲ್ಲಿ ಬೇಸ್ ಬರುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಸಾಕು. ನೆರೆಯವರ ಜೊತೆ ಸಂಬಂಧ ಚೆನ್ನಾಗಿದ್ದರೆ ದೊಡ್ಡ ಸ್ಪೀಕರ್.